ಎಕ್ಕೆ ಗಿಡದ ಮದುವೆಗೆ ಊದಿದವನು

ತಾಯಪ್ಪನ ಹೆಸರು ಯಾರಿಗೂ ಬೇಕಿರಲಿಲ್ಲ. ರಾಯಚೂರು, ಮಾನವಿ, ಸಿರವಾರ, ದೇವದುರ್ಗ, ಎಲ್ಲೇ ಮದುವೆಯಾಗಲಿ, ಹಂದರದ ಮೂಲೆಯಲ್ಲಿ ಕೆಂಪು ಕೋಟು ತೊಟ್ಟು ಕ್ಲಾರಿನೆಟ್ ಊದುವ ಆ ತೆಳ್ಳನೆಯ ಮನುಷ್ಯನನ್ನು ಜನ ಕರೆಯುತ್ತಿದ್ದುದು ‘ಏ ಬಾಜಿ’ ಎಂದು. ‘ಏ ಬಾಜಿ, ಜೋರ್ ಊದಲೇ.’ ‘ಏ ಬಾಜಿ, ಅತ್ತ ಸರಿ.’ ಊದು ಅಂದರೆ ಊದಿದ, ಸರಿ ಅಂದರೆ ಸರಿದ. ಗಂಡಿನವರು ಉಂಡು, ಹೆಣ್ಣಿನವರು ಉಂಡು, ನೆಂಟರು, ನೆಂಟರ ನೆಂಟರು ಉಂಡು ಕೈ ತೊಳೆದ ಮೇಲೆ ಬಾಜಿಯವರಿಗೆ ಎಲೆ ಹಾಕುತ್ತಿದ್ದರು. ಅಷ್ಟೊತ್ತಿಗೆ ಹುಗ್ಗಿ ತಳ ಹಿಡಿದಿರುತ್ತಿತ್ತು. ಊದಿಸಿಕೊಳ್ಳುವಾಗ ಬೇಕು, ಉಣ್ಣಿಸುವಾಗ ನೆನಪಾಗುವುದಿಲ್ಲ. ದೊಡ್ಡವರ ಮನೆಯ ಮದುವೆ ಅಂದರೆ ಹೀಗೇ.

ಅವನು ಹುಟ್ಟಿದ್ದು ಮಟಮಾರಿಯಲ್ಲಿ, ಬಾಜಾ ಭಜಂತ್ರಿಯವರ ಮನೆಯಲ್ಲಿ. ಶಾಲೆಗಿಂತ ಮೊದಲು ಊದುವುದನ್ನು ಕಲಿತ, ಶಾಲೆಯನ್ನು ಕಲಿಯಲೇ ಇಲ್ಲ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ರಾಯಚೂರಿಗೆ ಬಂದು ತೀನ್ ಕಂದೀಲ್ ಚೌಕದ ಹತ್ತಿರ ಬ್ಯಾಂಡ್ ಕಂಪನಿ ನಡೆಸುತ್ತಿದ್ದ ಮಹಮ್ಮದ್ ಹುಸೇನ್ ಉಸ್ತಾದರ ಕಾಲು ಹಿಡಿದ. ಉಸ್ತಾದರು ಅವನ ಉಸಿರು ನೋಡಿದರು, ಒಂದು ಕೋಟು ಕೊಟ್ಟರು, ಅಂಗಡಿಯ ಹಿಂದಿದ್ದ ಖೋಲಿ ತೋರಿಸಿದರು. ಅಲ್ಲಿಗೆ ತಾಯಪ್ಪನ ಬಾಳು ಒಂದು ನೆಲೆಗೆ ಬಂತು.

ಪರಮಣ್ಣ ಸಿಕ್ಕಿದ್ದು ಮಾನವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ. ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇಸವಿ ಇರಬೇಕು. ಮದುವೆಯ ಮೆರವಣಿಗೆ ಹೊರಡುವ ಹೊತ್ತಿಗೆ ಡ್ರಮ್ಮು ಬಾರಿಸುವವನು ಸೇಂದಿ ಕುಡಿದು ಬಣವಿಯ ಹಿಂದೆ ಬಿದ್ದಿದ್ದ. ಉಸ್ತಾದರು ಅವನ ಮುಖಕ್ಕೆ ನೀರು ಸುರಿದರು, ಬೈದರು, ಒದ್ದರು. ಏಳಲಿಲ್ಲ. ಆ ಊರ ಹೊಲದಲ್ಲಿ ಕುರಿ ತರುಬಿದ್ದ ದೇವದುರ್ಗದ ಹುಡುಗನೊಬ್ಬ ಕಂಬಳಿ ಹೊದ್ದು ಈ ತಮಾಷೆ ನೋಡುತ್ತ ನಿಂತಿದ್ದ.

“ನಾ ಬಡೀಲೇನ್ರೀ?” ಅಂದ.

“ಕುರಿ ಕಾದಂಗಲ್ಲಪಾ ಇದು,” ಅಂದರು ಉಸ್ತಾದರು.

“ಡೊಳ್ಳು ಬಡದೀನ್ರಿ. ಎಲ್ಲಿದಾದ್ರೂ ತೊಗಲು ತೊಗಲೇ ಅಲ್ಲೇನ್ರಿ?”

ಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡು ಡ್ರಮ್ಮು ಹಾಕಿಕೊಂಡ. ಮೊದಲ ಪೆಟ್ಟಿಗೇ ತಾಯಪ್ಪ ತಿರುಗಿ ನೋಡಿದ. ಊರ ಅಗಸಿ ಬಾಗಿಲು ದಾಟುವುದರೊಳಗೆ ಕ್ಲಾರಿನೆಟ್ಟು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂಬುದು ಆ ಕುರಿಗಾರನಿಗೆ ಗೊತ್ತಾಗಿಬಿಟ್ಟಿತ್ತು. ಇವನು ಉಸಿರೆಳೆದಾಗ ಅವನು ತುಂಬುತ್ತಿದ್ದ, ಇವನು ಊದಿದಾಗ ಅವನು ತಗ್ಗುತ್ತಿದ್ದ. ವರ್ಷ ತುಂಬುವುದರೊಳಗೆ ಪರಮಣ್ಣ ಕುರಿಗಳನ್ನು ಅಣ್ಣ ಅಂಬಣ್ಣನಿಗೆ ಬಿಟ್ಟು ರಾಯಚೂರಿಗೆ ಬಂದ. ಖೋಲಿಯಲ್ಲಿ ಎರಡನೆಯ ಚಾಪೆ ಬಂತು. ಸ್ವಲ್ಪ ದಿನಕ್ಕೆ ಆ ಎರಡನೆಯ ಚಾಪೆ ಗೋಡೆಗೆ ಒರಗಿಯೇ ಉಳಿಯಿತು.

ಅವರು ಸಂಸಾರ ಮಾಡಿದರು. ಬೇರೆ ಶಬ್ದ ಹುಡುಕುವುದು ಯಾಕೆ? ಪರಮಣ್ಣ ರೊಟ್ಟಿ ಬಡಿಯುತ್ತಿದ್ದ, ತಾಯಪ್ಪ ನೀರು ಹೊರುತ್ತಿದ್ದ. ಒಬ್ಬನಿಗೆ ಜ್ವರ ಬಂದರೆ ಮತ್ತೊಬ್ಬ ಗಂಜಿ ಕಾಯಿಸುತ್ತಿದ್ದ. ಜಗಳವಾದರೆ ಒಬ್ಬ ಹೊಸ್ತಿಲ ಮೇಲೆ, ಒಬ್ಬ ಒಳಗೆ, ಮಾತು ಬಿಟ್ಟು ಕೂರುತ್ತಿದ್ದರು. ಉಸ್ತಾದರ ಹೆಂಡತಿ ಮಹಬೂಬೀ ಹಿತ್ತಲ ಗೋಡೆಯ ಮೇಲಿಂದ ಇಣುಕಿ ಕೇಳುತ್ತಿದ್ದಳು:

“ಏನಪಾ ತಾಯಪ್ಪ, ನಿನ್ನ ಬೀವಿ ಏನ್ ಅಡಗಿ ಮಾಡ್ಯಾನ ಇವತ್ತ?”

“ಪುಂಡಿಪಲ್ಯ ಆಪಾ,” ಒಳಗಿನಿಂದ ಪರಮಣ್ಣನೇ ಕೂಗುತ್ತಿದ್ದ. “ಉಪ್ಪು ಕಮ್ಮಿ ಅಂತ ಗಂಡ ಮುನಿಸ್ಕೊಂಡು ಕುಂತಾನ. ನಾ ತವರಿಗೆ ಹೋಗ್ತೀನಿ, ನೀವೇ ಬುದ್ಧಿ ಹೇಳ್ರಿ.”

“ಹೋಗು, ಹೋಗು. ಎರಡು ದಿನಕ್ಕ ಹುಡಿಕ್ಯೋತ ಬರ್ತಾನ ನೋಡು ಬಸ್‌ಸ್ಟ್ಯಾಂಡಿಗೆ!”

ಓಣಿಯೇ ನಗುತ್ತಿತ್ತು. ನಗುತ್ತ ಹೇಳಿದರೆ ಈ ಊರು ಏನನ್ನಾದರೂ ಒಪ್ಪುತ್ತದೆ. ಅದೇ ಮಾತನ್ನು ನಗದೆ ಹೇಳಿ ನೋಡಬೇಕು!

ಅಂಬಣ್ಣ ಆಗಾಗ ದೇವದುರ್ಗದಿಂದ ಬಂದು ತಮ್ಮನಿಗೆ ಹೆಣ್ಣು ನೋಡಿದ್ದೇನೆ ಅನ್ನುತ್ತಿದ್ದ. “ಬ್ಯಾಂಡಿನವನಿಗೆ ಯಾರು ಕೊಡ್ತಾರ ಬಿಡು ಅಣ್ಣಾ,” ಎಂದು ಪರಮಣ್ಣ ತೇಲಿಸುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅಣ್ಣ ಬಿಟ್ಟುಬಿಟ್ಟ.

ಹೀಗಿರುವಾಗ ಮಾನವಿಯಲ್ಲೊಂದು ಮದುವೆ. ಊಟ ಮುಗಿದಿತ್ತು, ಬೀಗರು ಎತ್ತಿನ ಗಾಡಿ ಹತ್ತಿದ್ದರು. ಮಟಮಟ ಮಧ್ಯಾಹ್ನ, ಹಂದರದೊಳಗೆ ಯಾರೂ ಇಲ್ಲ. ನಾಯಿಯೊಂದು ಎಲೆ ನೆಕ್ಕುತ್ತಿತ್ತು. ಜಮಖಾನೆಯ ಮೇಲೆ ಅರಿಶಿನ ಹಚ್ಚಿದ ಅಕ್ಕಿಕಾಳು ಚೆಲ್ಲಿದ್ದವು. ಪರಮಣ್ಣ ಡ್ರಮ್ಮು ಇಳಿಸಿ, ಕುಕ್ಕರುಗಾಲಲ್ಲಿ ಕೂತು, ಆ ಕಾಳುಗಳನ್ನು ಒಂದೊಂದಾಗಿ ಆಯ್ದು ಮುಷ್ಟಿ ತುಂಬಿಕೊಂಡ.

“ತಲಿ ಬಗ್ಗಸು,” ಅಂದ.

“ಯಾಕಲೇ?”

“ಬಗ್ಗಸಂದ್ರ ಬಗ್ಗಸು.”

ತಾಯಪ್ಪ ತಲೆ ಬಗ್ಗಿಸಿದ. ಪರಮಣ್ಣ ಅರ್ಧ ಅಕ್ಕಿಕಾಳು ಅವನ ತಲೆಯ ಮೇಲೆ ಹಾಕಿ, ಉಳಿದರ್ಧವನ್ನು ಅವನ ಅಂಗೈಗೆ ಸುರಿದ. “ಈಗ ನನ್ನ ಮ್ಯಾಲ ಹಾಕು.”

“ಹುಚ್ಚು ಹಿಡದದೇನು ನಿನಗ? ಯಾರರ ನೋಡಿದ್ರ?”

“ಊರ ಮಂದಿಗೆಲ್ಲಾ ನಾವು ಊದೀವಿ. ನಮಗ ಯಾರು ಊದ್ತಾರ ಹೇಳು? ಹಾಕು ಜಲ್ದಿ, ನಾಯಿ ಕಾಯಾಕತ್ತದ, ಅದಕ್ಕೂ ಮುಹೂರ್ತ ತಪ್ಪಬಾರದು.”

ತಾಯಪ್ಪ ಹಾಕಿದ. ಪರಮಣ್ಣ ನಗಲಿಲ್ಲ. “ಆತು,” ಅಂದ, ಅಷ್ಟೇ. ಇಬ್ಬರೂ ಸಾಮಾನು ಹೊತ್ತುಕೊಂಡು ಬಸ್ಸಿಗೆ ನಡೆದರು.

ಎಂಬತ್ತೈದರ ಬೇಸಿಗೆಯಲ್ಲಿ ಪರಮಣ್ಣನ ಕಣ್ಣು ಹಳದಿಯಾದವು. ಕಾಮಾಲೆ. ತಾಯಪ್ಪ ಮಾನವಿಯಲ್ಲಿ ಸೊಪ್ಪು ಅರೆದು ಕೊಡುವವರ ಹತ್ತಿರ ಕರೆದುಕೊಂಡು ಹೋದ, ಪಥ್ಯ ಮಾಡಿಸಿದ, ಇಳಿಯಲಿಲ್ಲ. ಹೊಟ್ಟೆ ಊದಿದಾಗ ರಾಯಚೂರಿನ ದವಾಖಾನೆಗೆ ಸೇರಿಸಿದ. ಅಲ್ಲಿ ಕೇಳಿದರು, “ನೀ ಇವರಿಗೆ ಏನಾಗಬೇಕು?”

ಬಾಯಿ ತೆರೆದ. ಏನಾಗಬೇಕು? ಅಣ್ಣನಲ್ಲ, ತಮ್ಮನಲ್ಲ, ಜಾತಿಯವನೂ ಅಲ್ಲ. “ಜೊತಿ ಇರ್ತೀನ್ರಿ,” ಅಂದ.

“ಹಂಗಲ್ಲಪಾ. ಸಂಬಂಧದವರನ್ನ ಕರಸು.”

ಪರಮಣ್ಣ ಮಲಗಿದ್ದಲ್ಲಿಂದಲೇ ಅವನ ಅಂಗಿ ಹಿಡಿದು ಎಳೆದ. “ಅಂಬಣ್ಣಗ ಹೇಳಬ್ಯಾಡ. ಅವ ಬಂದ್ರ ನೀ ಹೊರಗ ನಿಂದ್ರಬೇಕಾಗ್ತದ.”

ಆದರೂ ತಾಯಪ್ಪ ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ಹೆದರಿಕೆ ಏನನ್ನಾದರೂ ಮಾಡಿಸುತ್ತದೆ. ಅಂಬಣ್ಣ ಬಂದ, ಅಕ್ಕ ಅಮರಮ್ಮ ಬಂದಳು. ಪರಮಣ್ಣ ಹೇಳಿದಂತೆಯೇ ತಾಯಪ್ಪ ಹೊರಗೆ ನಿಂತ. ಅಂಬಣ್ಣ ಕೆಟ್ಟವನಲ್ಲ, “ಭಾಳ ಮಾಡಿದಿಪಾ ನನ್ನ ತಮ್ಮಗ, ಇನ್ನ ನಾವು ನೋಡ್ಕೋತೀವಿ,” ಎಂದು ಬೆನ್ನು ತಟ್ಟಿದ. ಮರುದಿನ ಮುಂಜಾನೆ ಅವನೇ “ಒಂದು ಚಾ ತಂದು ಕೊಡ್ತೀಯೇನು?” ಅಂದ. ತಾಯಪ್ಪ ಚಹಾ ತಂದಾಗ ಅಮರಮ್ಮನ ಗೋಳು ವರಾಂಡದವರೆಗೆ ಕೇಳುತ್ತಿತ್ತು. ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡವನು, ಕಡೆಯ ಉಸಿರಿನ ಹೊತ್ತಿಗೆ ಚಹಾದಂಗಡಿಯಲ್ಲಿದ್ದ.

ಹೆಣ ಮಟಡೋರ್ ವ್ಯಾನಿನಲ್ಲಿ ದೇವದುರ್ಗಕ್ಕೆ ಹೋಯಿತು. ಉಸ್ತಾದರು ಬ್ಯಾಂಡಿನವರನ್ನು ಕರೆದುಕೊಂಡು ಹಿಂದೆಯೇ ಬಂದರು. “ಕೆಂಪು ಕೋಟು ಬ್ಯಾಡ,” ಅಂದಿದ್ದರು, “ನಮ್ಮ ಹುಡುಗನ್ನ ಬಾಜಿ ಹಚ್ಚಿ ಕಳಿಸೋಣ.”

ಮನೆಯ ಮುಂದೆ ಪರಮಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸ್ನಾನ ಮಾಡಿಸಿ, ಹೊಸ ಧೋತರ ಉಡಿಸಿ, ತಲೆಗೆ ರುಮಾಲು ಸುತ್ತಿ, ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿದ್ದರು. ಮದುಮಗನ ಹಾಗೆ ಕಾಣುತ್ತಿದ್ದ. ಓಣಿಯ ಹಿರಿಯ ಸುಂಕಪ್ಪ ಕೋಲೂರಿ ಬಂದು, ನೋಡಿ, ಅಂದ:

“ಲಗ್ನ ಇಲ್ಲದ ಜೀವ. ಹಂಗೇ ಮಣ್ಣಿಗಿಡಂಗಿಲ್ಲ. ಎಕ್ಕಿ ಗಿಡ ತರ್ರಿ.”

ಆ ಕಡೆಯ ಪದ್ಧತಿ ಅದು. ಮದುವೆಯಾಗದೆ ಸತ್ತ ಗಂಡಸಿಗೆ ಎಕ್ಕೆ ಗಿಡದ ಜೊತೆ ಮದುವೆ ಮಾಡಿಯೇ ಮಣ್ಣು ಕೊಡಬೇಕು. ಇಲ್ಲದಿದ್ದರೆ ಅವನ ಆಸೆ ತೀರುವುದಿಲ್ಲ, ಮನೆಯ ಸುತ್ತಲೇ ಸುಳಿಯುತ್ತಾನೆ, ಆ ಮನೆಯಲ್ಲಿ ಮುಂದೆ ಯಾರಿಗೂ ಕಂಕಣ ಕೂಡಿಬರುವುದಿಲ್ಲ. ಅಂಬಣ್ಣನ ಮಗಳ ಮದುವೆ ಗೊತ್ತಾಗಿತ್ತು. ಇಬ್ಬರು ಕುಡಗೋಲು ಹಿಡಿದು ಹಳ್ಳದ ಕಡೆಗೆ ಹೊರಟರು.

ತಾಯಪ್ಪ ಅದುವರೆಗೆ ಅತ್ತಿರಲಿಲ್ಲ. ಈಗ ಅವನೊಳಗೆ ಏನೋ ಹರಿಯಿತು. ಪರಮಣ್ಣನನ್ನು ಲಗ್ನವಿಲ್ಲದವನು ಅನ್ನುತ್ತಾರೆ, ಯಾವುದೋ ಗಿಡಕ್ಕೆ ಕೊಡುತ್ತಾರೆ! ಬೇರೇನೂ ಬೇಡವಾಗಿತ್ತು ಅವನಿಗೆ. ಹೆಗಲು ಕೊಡದಿದ್ದರೂ ಸರಿ, ಇದೊಂದು ಆಗಬಾರದು. ಹೆಣದ ಪಕ್ಕದಲ್ಲಿ ಕೂತ ಅಮರಮ್ಮನ ಹತ್ತಿರ ಬಗ್ಗಿ ಅಂದ:

“ಯಕ್ಕಾ, ಬ್ಯಾಡ ಅನ್ನು. ಅವನ ಲಗ್ನ ಆಗೇದ.”

ಮೆಲ್ಲಗೇ ಅಂದಿದ್ದ. ಆದರೆ ಅಮರಮ್ಮನ ಹಿಂದೆ ಬೂದೆಮ್ಮ ಕೂತಿದ್ದಳು. ಓಣಿಯಲ್ಲಿ ಯಾರೇ ಸತ್ತರೂ ಮೊದಲು ಬಂದು ಹಾಡಿ ಅಳುವ ಮುದುಕಿ; ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಅಳುವುದನ್ನು ಅಲ್ಲಿಗೇ ನಿಲ್ಲಿಸಿ ಎದ್ದು ನಿಂತಳು.

“ಯವ್ವಾ! ಪರಮಣ್ಣನ ಲಗ್ನ ಆಗೇದಂತ! ರಾಯಚೂರಾಗ ಒಬ್ಬಾಕಿನ್ನ ಮಾಡ್ಕೊಂಡಾನಂತ!”

ಅಳು ನಿಂತಿತು. ಗಿಡ ತರಲು ಹೋದವರನ್ನು ಕೂಗಿ ಕರೆದರು. ಅಂಬಣ್ಣ ಓಡಿ ಬಂದು ತಾಯಪ್ಪನ ಎರಡೂ ರಟ್ಟೆ ಹಿಡಿದುಕೊಂಡ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ಆಸೆ ಇತ್ತು.

“ಖರೇನಪಾ? ಯಾರಾಕಿ? ಎಲ್ಲಿದಾಳ? ಕೂಸು ಅದಾವೇನು? ಒಂದು ಹೆಣ್ಣರ ಅದನೋ ಇಲ್ಲೋ?”

“ಅದಕ್ಕೇ ಅವ ಊರ ಕಡಿ ಹೆಣ್ಣು ಬ್ಯಾಡ ಅಂತಿದ್ದ!” ಯಾರೋ ಅಂದರು.

“ಯಾವ ಮಂದಿ ಆಕಿ? ತುರುಕರಾಕಿ ಇರಬೇಕು, ಅದಕ್ಕೇ ಮುಚ್ಚಿಟ್ಟಾನ.”

“ಯಾವಾಕಿ ಆದ್ರೂ ಆಗಲಿ,” ಸುಂಕಪ್ಪ ಕೋಲು ಕುಟ್ಟಿದ, “ತಾಳಿ ಕಟ್ಟಿದ ಮ್ಯಾಲ ಆಕಿ ಬರಬೇಕು. ಕುಂಕುಮ ಅಳಸಬೇಕು, ಬಳಿ ಒಡೀಬೇಕು. ಆಕಿ ಬರೋತನಕ ಹೆಣ ಎತ್ತಂಗಿಲ್ಲ. ಏ ಬಾಜಿ, ಹೇಳಪಾ, ಎಲ್ಲಿದಾಳ? ಮಟಡೋರ್ ಕಳಸ್ತೀವಿ.”

ಬಿಸಿಲು ಏರಿತ್ತು. ಹೆಣದ ಮೇಲೆ ನೊಣ ಮುತ್ತುತ್ತಿದ್ದವು. ಇಷ್ಟು ಮಂದಿ ತಾಯಪ್ಪನ ಬಾಯಿ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಜನ ಅವನ ಬಾಜಿಯನ್ನಲ್ಲ, ಮಾತನ್ನು ಕಾಯುತ್ತಿದ್ದರು. ‘ಇಲ್ಲೇ ಅದೀನಿ’ ಅಂದರೆ ಮುಗಿಯಿತು. ಅಷ್ಟು ಸಣ್ಣ ಮಾತು. ಉಸ್ತಾದರು ದೂರದಿಂದಲೇ ಬೇಡ ಬೇಡ ಎಂಬಂತೆ ತಲೆಯಾಡಿಸಿದರು.

ಅಮರಮ್ಮ ಎದ್ದು, ನೀರು ಕುಡಿಸುವ ನೆವದಲ್ಲಿ ಅವನನ್ನು ಗೋಡೆಯ ಮರೆಗೆ ಎಳೆದಳು.

“ಯಾವಾಕಿನೂ ಇಲ್ಲ. ನನಗ ಗೊತ್ತದ. ಒಮ್ಮಿ ರಾಯಚೂರಿಗೆ ಬಂದಾಗ ನಿಮ್ಮ ಖೋಲಿ ನೋಡೀನಿ, ನೀವು ಇರೋದು ನೋಡೀನಿ. ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

“ಹಂಗಾದ್ರ ನೀನರ ಹೇಳು ಯಕ್ಕಾ.”

“ಏನಂತ ಹೇಳ್ಲಿ? ಹೇಳಿದ್ರ ಹೆಗಲು ಕೊಡಾಕ ಒಬ್ಬ ಬರಂಗಿಲ್ಲ. ನಮ್ಮ ಮಂದಿ ಮಣ್ಣಾಗ ಜಾಗ ಕೊಡಂಗಿಲ್ಲ. ನಿನ್ನ ಇಲ್ಲೇ ಕಡೀತಾರ. ಅಣ್ಣನ ಮಗಳ ಗತಿ ಏನು? ತಾಯಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಅವನಿಗೆ ಮಣ್ಣರ ಸಿಗಲಿ.”

ನಿಜವಾಗಿ ಬಗ್ಗಿದಳು. ತಾಯಪ್ಪ ಹಿಡಿದು ಎತ್ತಿದ. ಗೋಡೆಯ ಮರೆಯಿಂದ ಹೊರಗೆ ಬಂದು ಸುಂಕಪ್ಪನ ಮುಂದೆ ನಿಂತ.

“ಸುಳ್ಳು ಹೇಳಿದೆ ಯಪ್ಪಾ.”

“ಏನಂದಿ?”

“ದುಃಖದಾಗ ಬಾಯಿಗೆ ಬಂತು. ಯಾರೂ ಇಲ್ಲ.”

ಅಂಬಣ್ಣನ ಮುಖ ಬಿದ್ದುಹೋಯಿತು. “ಹಿಂಗ್ಯಾಕ ಮಾಡಿದಿಪಾ? ಒಂದು ಕೂಸರ ಇರ್ತದ ಅನ್ಕೊಂಡಿದ್ದೆ,” ಎಂದು ಅಲ್ಲಿಯೇ ಕುಸಿದು ಕೂತ. ಗುಂಪಿನಲ್ಲಿ ಬೈಗುಳ ಎದ್ದವು. ಹೆಣದ ಮುಂದೆ ಹುಡುಗಾಟವೇ? ಕುಡಿದು ಬಂದಾನೇನು? ಸುಂಕಪ್ಪ ಎಲ್ಲರನ್ನೂ ಸುಮ್ಮನಿರಿಸಿದ. ಆದರೆ ಅವನಿಗೆ ಸಂಶಯ ಹೋಗಿರಲಿಲ್ಲ. ತಾಳಿಯ ಹೆಂಡತಿ ಎಲ್ಲೋ ಇದ್ದು, ಇಲ್ಲಿ ಗಿಡಕ್ಕೆ ಮದುವೆ ಮಾಡಿದರೆ ದೇವರಿಗೆ ದೋಷ. ಭಂಡಾರದ ಚೀಲ ಬಿಚ್ಚಿ ಮುಂದೆ ಹಿಡಿದ.

“ಮುಟ್ಟು. ಹೆಣದ ಮಾರಿ ನೋಡಿ ಹೇಳು. ಇವನ ಲಗ್ನ ಆಗಿಲ್ಲ ಅಂತ.”

ಕುರುಬರ ಮಂದಿಗೆ ಭಂಡಾರ ಮುಟ್ಟಿ ಆಡಿದ ಮಾತು ಕಲ್ಲಿನಲ್ಲಿ ಕೊರೆದಂತೆ. ತಾಯಪ್ಪನೂ ಅದೇ ಸೀಮೆಯಲ್ಲಿ ಹುಟ್ಟಿದವನು, ಅವನಿಗೂ ಗೊತ್ತು. ಕೈ ಚೀಲದೊಳಗೆ ಹೋಯಿತು. ರುಮಾಲು ಸುತ್ತಿದ ಪರಮಣ್ಣನ ಮುಖ ನೋಡಿದ.

“ಆಗಿಲ್ಲ,” ಅಂದ.

ಯಾರೂ ಅವನ ಕೊರಳಿಗೆ ಕತ್ತಿ ಹಿಡಿದಿರಲಿಲ್ಲ. ಹಿಡಿದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಎಕ್ಕೆ ಗಿಡ ಬಂತು. ಬೇರು ಸಮೇತ ಕಿತ್ತದ್ದು, ಎಲೆ ಮುರಿದಲ್ಲೆಲ್ಲ ಹಾಲು ಜಿನುಗುತ್ತಿತ್ತು. ಅದಕ್ಕೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಹಸಿರು ಕುಪ್ಪಸದ ಕಣ ಸುತ್ತಿ ಒಂದು ಹಸಿರು ಬಳೆ ತೊಡಿಸಿದರು. ಪರಮಣ್ಣನ ಬಲಕ್ಕೆ ನಿಲ್ಲಿಸಿದರು.

“ಬಾಜಿ ಎಲ್ಲಿ?” ಸುಂಕಪ್ಪ ಕೂಗಿದ. “ಅಕ್ಕಿಕಾಳಿಗೆ ಬಾಜಿ ಬೇಕು. ನಿಮ್ಮವನೇ ಅಲ್ಲೇನು, ಚೆಂದಗೆ ಊದ್ರಿ.”

ಉಸ್ತಾದರು ತಾಯಪ್ಪನ ಹತ್ತಿರ ಬಂದರು. “ನೀ ಬ್ಯಾಡ ಬೇಟಾ. ಕ್ಲಾರಿನೆಟ್ ಇಲ್ಲದೇ ನಡಸ್ತೀವಿ. ನೀ ಹೊರಗ ಹೋಗಿ ಕುಂದ್ರು.”

“ಹೊರಗ ಎಲ್ಲಿಗೆ ಹೋಗ್ಲಿ ಉಸ್ತಾದ್? ಊದಿದ್ರ ಇಲ್ಲಿ ನಿಂದ್ರಾಕರ ಬಿಡ್ತಾರ.”

ಕ್ಲಾರಿನೆಟ್ ತುಟಿಗಿಟ್ಟ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಪರಮಣ್ಣನ ಕೈಗೆ ಮುಟ್ಟಿಸಿ ಗಿಡಕ್ಕೆ ಕಟ್ಟಿದರು. ಅಕ್ಕಿಕಾಳು ಬಿದ್ದವು. ತಾಯಪ್ಪ ಊದಿದ. ಒಂದು ಸ್ವರ ತಪ್ಪಲಿಲ್ಲ, ಉಸಿರು ಕಡಿಯಲಿಲ್ಲ. ಅಷ್ಟು ಮದುವೆಗಳಿಗೆ ಊದಿ ಪಳಗಿದ ಬೆರಳುಗಳು, ಇವನನ್ನು ಕೇಳದೆಯೇ ನಡೆದವು. ಒಂದು ಸಲವಾದರೂ ತಪ್ಪಬಾರದಿತ್ತೇ! ಡ್ರಮ್ಮು ಹಿಡಿದವನು ಹೊಸಬ. ಇವನು ಉಸಿರೆಳೆದಲ್ಲೆಲ್ಲ ತುಂಬದೆ ಖಾಲಿ ಬಿಡುತ್ತಿದ್ದ.

ಮದುವೆಯಾದ ಕೂಡಲೇ ಗಿಡ ಮುಂಡೆಯಾಗಬೇಕು, ಅದೂ ಪದ್ಧತಿಯೇ. ಬೂದೆಮ್ಮ ಗಿಡದ ಕುಂಕುಮ ಒರೆಸಿದಳು, ದಾರ ಹರಿದಳು, ಬಳೆಯನ್ನು ಕಲ್ಲಿಗೆ ಕುಟ್ಟಿದಳು. ಆಮೇಲೆ ಗಿಡವನ್ನು ಅಪ್ಪಿಕೊಂಡು ರಾಗ ತೆಗೆದಳು: “ನಿನ್ನ ಗಂಡ ಹೋದನಲ್ಲೇ ನನ್ನವ್ವಾ... ಉಟ್ಟ ಹಸರು ಮಾಸೋದ್ರಾಗ ಹೋದನಲ್ಲೇ... ಇನ್ಯಾರ ಮಾರಿ ನೋಡ್ತೀಯೇ ನನ್ನ ತಾಯೀ...” ಹೆಂಗಸರೆಲ್ಲ ಗಿಡದ ಸುತ್ತ ಕೂತು ಅತ್ತರು. ನಿಜವಾದ ಕಣ್ಣೀರು. ಹೊತ್ತಾರೆ ಹಳ್ಳದ ದಂಡೆಯಲ್ಲಿ ಬೆಳೆದು ನಿಂತಿದ್ದ ಗಿಡಕ್ಕೆ ಊರೆಲ್ಲ ಸಮಾಧಾನ ಹೇಳಿತು. ಕ್ಲಾರಿನೆಟ್ ಹಿಡಿದು ಮೂಲೆಯಲ್ಲಿ ನಿಂತವನಿಗೆ ಯಾರೋ, “ಏ ಬಾಜಿ, ಅತ್ತ ಸರಿ, ಹೆಣ ಎತ್ತತಾರ,” ಅಂದರು. ಸರಿದ.

ಮಣ್ಣಾಯಿತು. ರಕ್ತಸಂಬಂಧದವರು ಹಾಕಿ, ಜಾತಿಯವರು ಹಾಕಿ, ಕಡೆಗೆ ಹೊರಗಿನವರೊಂದಿಗೆ ತಾಯಪ್ಪನೂ ಒಂದು ಹಿಡಿ ಹಾಕಿದ. ತಿರುಗಿ ಬಂದವರು ಕಾಲು ತೊಳೆದು, ಹೆಣ ಇದ್ದಲ್ಲಿ ಹಚ್ಚಿಟ್ಟ ದೀಪ ನೋಡಿ ತಮ್ಮ ತಮ್ಮ ಮನೆಗೆ ಹೋದರು. ತಾಯಪ್ಪನೂ ದೀಪ ನೋಡಿದ. ಹೋಗದೆ ಕಟ್ಟೆಯ ತುದಿಯಲ್ಲಿ ಕೂತ.

“ಹೊತ್ತು ಮುಳುಗಾಕ ಬಂತು, ಬಸ್ಸು ತಪ್ಪತದ,” ಅಂದ ಅಂಬಣ್ಣ.

“ಮೂರು ದಿನ ಇಲ್ಲೇ ಇರ್ತೀನ್ರಿ. ಸೂತಕ ಮುಗಿಸ್ಕೊಂಡು ಹೋಗ್ತೀನಿ.”

ಅಂಬಣ್ಣನಿಗೆ ಮಾತು ತಿಳಿಯಲಿಲ್ಲ. “ಸೂತಕ ನಮಗಪಾ. ನಿನಗ್ಯಾತರ ಸೂತಕ? ನೀ ಹೊರಗಿನವ, ತಲಿ ಮ್ಯಾಲ ನೀರು ಹಾಕ್ಕೊಂಡ್ರ ಮುಗೀತು. ಹೋಗು, ನಿನ್ನ ಕೆಲಸ ನೋಡ್ಕೋ.” ಒಳ್ಳೆಯ ಮಾತಿನಲ್ಲೇ ಹೇಳಿದ. ಅಮರಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು.

ಮರುದಿನ ಸಿರವಾರದಲ್ಲಿ ಮದುವೆ ಇತ್ತು, ಒಪ್ಪಿಕೊಂಡದ್ದು. “ಬ್ಯಾಡಾದ್ರ ಬ್ಯಾಡ,” ಅಂದರು ಉಸ್ತಾದರು. ಬೇಡವೆಂದು ಖೋಲಿಯಲ್ಲಿ ಕೂತು ಏನು ಮಾಡುವುದು? ತಾಯಪ್ಪ ಕೋಟು ತೊಟ್ಟ. ಹಂದರದ ಬಾಗಿಲಲ್ಲಿ ಹುಡುಗಿಯ ಅಜ್ಜ ಬ್ಯಾಂಡಿನವರನ್ನು ತಡೆದು ನಿಲ್ಲಿಸಿದ. ಡ್ರಮ್ಮಿನವನು ಸತ್ತ ಸುದ್ದಿ ಅಷ್ಟರಲ್ಲೇ ಸಿರವಾರಕ್ಕೆ ಮುಟ್ಟಿತ್ತು.

“ತಪ್ಪು ತಿಳೀಬ್ಯಾಡ್ರಿ, ಶುಭಕಾರ್ಯ ನೋಡ್ರಿ,” ಅಂದ ಮುದುಕ. “ಸತ್ತವನ ಮನಿಯವರು ಯಾರರ ಅದೀರೇನು ನಿಮ್ಮಾಗ? ಸೂತಕ ಇದ್ದವರು ಹಂದರದೊಳಗ ಬರಬಾರದು.”

ಮುದುಕ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದು ತಾಯಪ್ಪನ ಮುಂದೆ ನಿಂತ. ಒಳಗೆ ಯಾರೋ ಕೂಗುತ್ತಿದ್ದರು, ಮುಹೂರ್ತ ಬಂತು, ಬಾಜಿ ಎಲ್ಲಿ, ಬಾಜಿ ಎಲ್ಲಿ.

“ಇಲ್ರಿ ಯಪ್ಪಾ,” ಅಂದ ತಾಯಪ್ಪ. “ನಾ ಏನೂ ಆಗಬೇಕಾಗಿಲ್ಲ ಅವನಿಗೆ.”

ಮುದುಕ ದಾರಿ ಬಿಟ್ಟ.